ಎರಿ ಹೊಲದಾಗ ರಂಜಕ ಎಲ್ಲಿ ಹೋಗ್ತದ?

ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೋದಾಗೆಲ್ಲ ಯುವ ರೈತರು ನನ್ನನ್ನು ಕೇಳೋದು ಇದೇ: "ಸರ್, ವರ್ಷಾ ಡಿಎಪಿ ಹಾಕ್ತೀವಿ, ತಿಪ್ಪಿ ಗೊಬ್ಬರಾನೂ ಹಾಕ್ತೀವಿ. ಆದ್ರೂ ಮಣ್ಣು ಪರೀಕ್ಷೆಯಾಗ ರಂಜಕ ಕಡಿಮಿ ಅಂತ ಬರ್ತದಲ್ಲ?"

ರಂಜಕ ಹೊಲದಲ್ಲೇ ಇದೆ. ಪರೀಕ್ಷೆ ತೋರಿಸೋದು ಬೆಳೆಗೆ ಸಿಗುವಷ್ಟನ್ನು ಮಾತ್ರ. ಡಿಎಪಿಯ ರಂಜಕವನ್ನು ಎರಿ ಮಣ್ಣಿನ ಸುಣ್ಣ ಹಿಡಿದಿಡುತ್ತದೆ. ತಿಪ್ಪಿ ಗೊಬ್ಬರದ ಸಾವಯವ ರಂಜಕ ಜೇಡಿ ಕಣಕ್ಕೆ ಅಂಟುತ್ತದೆ. ಎರಡಕ್ಕೂ ಋಣ ವಿದ್ಯುದಂಶ, ತಾವಾಗಿ ಕೂಡಲ್ಲ. ನಡುವೆ ಕ್ಯಾಲ್ಸಿಯಂ ಕೊಂಡಿಯಾಗಿ ಬಿಗಿಯುತ್ತದೆ. ಬೇರು, ಸೂಕ್ಷ್ಮಜೀವಿಗಳು ಬಿಡುವ ಫಾಸ್ಫಟೇಸ್ ಕಿಣ್ವ ಅದನ್ನು ಒಡೆದರೆ ಮಾತ್ರ ಬೆಳೆಗೆ ಸಿಗೋದು. ಜೇಡಿಗೆ ಅಂಟಿದ್ದು ಕಿಣ್ವಕ್ಕೂ ಸುಲಭವಾಗಿ ಸಿಗಲ್ಲ.

ಹಂಗಾದ್ರೆ ಏನ್ ಮಾಡಬೇಕು?

• ಡಿಎಪಿ ಎರಚಬೇಡಿ. ಬಿತ್ತುವಾಗ ಕೂರಿಗೆಯಿಂದ ಸಾಲಿನಲ್ಲೇ ಬೀಳಲಿ. ಮಣ್ಣಿಗೆ ತಾಗೋದು ಕಡಿಮೆ.
• ತೊಗರಿ ಬೀಜಕ್ಕೆ ರೈಜೋಬಿಯಂ ಜೊತೆ ರಂಜಕ ಕರಗಿಸುವ ಜೀವಾಣು ಗೊಬ್ಬರ ಲೇಪಿಸಿ, ನೆರಳಲ್ಲಿ ಒಣಗಿಸಿ.
• ಉದುರಿದ ಎಲೆ, ಹೊಟ್ಟು ಸುಡಬೇಡಿ. ಕೊಳೆಯುವಾಗ ಬರುವ ಆಮ್ಲಗಳು ಅಂಟು ಸಡಿಲಿಸುತ್ತವೆ.

ಮಳೆಯಾಶ್ರಿತ ತೊಗರಿಗೆ ಎಕರೆಗೆ ಶಿಫಾರಸು 20 ಕೆ.ಜಿ. ರಂಜಕ. 50 ಕೆ.ಜಿ. ಡಿಎಪಿ ಚೀಲದಲ್ಲೇ 23 ಕೆ.ಜಿ. ಇದೆ. ಎರಡನೇ ಚೀಲದ ರೊಕ್ಕ ಉಳಿಸಿ, ಮಣ್ಣಾಗಿರೋದನ್ನ ಬಿಡಿಸಿಕೊಳ್ಳಿ.