ಸೋಯಾ ಅವರೆ: ಬಿತ್ತುವ ಮುನ್ನ ಬೀಜದ ಪರೀಕ್ಷೆ ಮತ್ತು ಉಪಚಾರ

ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ತಾಲ್ಲೂಕುಗಳಲ್ಲಿ ಅಡಿಕೆ ತೋಟದ ಜೊತೆಗೆ ಮಳೆಯಾಶ್ರಿತ ಹೊಲವನ್ನೂ ಹೊಂದಿರುವ ಸದಸ್ಯರು ಮುಂಗಾರಿಗೆ ಸೋಯಾ ಅವರೆ ಬಿತ್ತುವುದುಂಟು. ಸಾಲಿನಲ್ಲಿ ನಾಟಿಗೆ ಬಾರದೆ ಬರಿದಾದ ಜಾಗ ಕಂಡರೆ ಮಳೆಯನ್ನು ದೂರುವುದು ವಾಡಿಕೆ. ಅನೇಕ ವೇಳೆ ದೋಷವಿರುವುದು ಬೀಜದಲ್ಲಿ. ಮರುಬಿತ್ತನೆಯಾದರೆ ಹಣವೂ ಹೋಗುತ್ತದೆ, ಹದವೂ ತಪ್ಪುತ್ತದೆ.

ಸೋಯಾ ಬೀಜದ ಸಿಪ್ಪೆ ಬಹಳ ತೆಳು. ಒಕ್ಕಣೆಯ ಪೆಟ್ಟು, ಚೀಲ ಎತ್ತಿ ಒಗೆಯುವುದು, ತೇವದ ಕೋಣೆಯಲ್ಲಿಡುವುದು ಇವುಗಳಿಂದ ಮೊಳೆಯುವ ಶಕ್ತಿ ಬೇಗ ಕುಂದುತ್ತದೆ. ಆದ್ದರಿಂದ ಮನೆಯ ಬೀಜವಿರಲಿ, ಕೊಂಡದ್ದಿರಲಿ, ಪರೀಕ್ಷಿಸಿಯೇ ಬಿತ್ತತಕ್ಕದ್ದು.

ಪರೀಕ್ಷೆ ಸುಲಭ. ಆರಿಸದೆ ತೆಗೆದ 100 ಕಾಳುಗಳನ್ನು ಒದ್ದೆ ಗೋಣಿತಟ್ಟಿನ ಮೇಲೆ ಸಾಲಾಗಿಟ್ಟು ಸುತ್ತಿ ನೆರಳಿನಲ್ಲಿಡಿರಿ. ತಟ್ಟು ಒಣಗಬಾರದು, ನೀರೂ ನಿಲ್ಲಬಾರದು. 5ರಿಂದ 8 ದಿನಗಳಲ್ಲಿ ಬಂದ ಗಟ್ಟಿ ಮೊಳಕೆಗಳನ್ನು ಮಾತ್ರ ಎಣಿಸಿರಿ. 70ಕ್ಕೆ ಕಡಿಮೆಯಿರಬಾರದು. ಎಕರೆಗೆ 30 ಕಿಲೋ ಬಿತ್ತುವವರ ಬೀಜದಲ್ಲಿ 60 ಮಾತ್ರ ಮೊಳೆತರೆ 35 ಕಿಲೋ ಬೇಕು. ಅದಕ್ಕೂ ಕಡಿಮೆಯಾದರೆ ಬೇರೆ ಬೀಜ ತರುವುದೇ ಲೇಸು.

ಭತ್ತದ ಬೀಜದಂತೆ ಇದನ್ನು ನೀರಿನಲ್ಲಿ ನೆನೆಹಾಕಬೇಡಿರಿ. ಒಣ ಕಾಳು ಒಮ್ಮೆಲೆ ನೀರು ಹೀರಿದರೆ ಒಳಗಿನ ಜೀವಕೋಶಗಳ ಪೊರೆ ಹರಿದು ರಸ ಹೊರಸೂಸುತ್ತದೆ. ಆ ರಸಕ್ಕೆ ಬೂಷ್ಟು ಹತ್ತಿ ಬೀಜ ಕೊಳೆಯುತ್ತದೆ. ಇದಕ್ಕೆ ತಕ್ಕುದು ಲೇಪನ.

ಮೊದಲು ಕಾರ್ಬಾಕ್ಸಿನ್ ಮತ್ತು ಥೈರಾಮ್ ಕೂಡಿದ ಪುಡಿಯನ್ನು ಕಿಲೋ ಬೀಜಕ್ಕೆ 3 ಗ್ರಾಂನಂತೆ ಹಚ್ಚಿ ಆರಲು ಬಿಡಿರಿ. ಬಿತ್ತುವ ದಿನ, ಆರಿಸಿದ ಬೆಲ್ಲದ ಪಾಕದಲ್ಲಿ ರೈಜೋಬಿಯಂ ಅಣುಜೀವಿ ಗೊಬ್ಬರ ಕಲಸಿ, ಸಿಪ್ಪೆ ಸುಲಿಯದಂತೆ ಮೆಲ್ಲಗೆ ಲೇಪಿಸಿ ನೆರಳಿನಲ್ಲಿ ಆರಿಸಿರಿ. ಸೋಯಾಕ್ಕೆಂದೇ ಇರುವ ರೈಜೋಬಿಯಂ ಆಗಬೇಕು. ಶೇಂಗಾದ್ದು ಇದರ ಬೇರಿನಲ್ಲಿ ಗಂಟು ಕಟ್ಟದು. ಉಪಚರಿಸಿದ ಬೀಜ ಉಳಿದರೆ ಅಡುಗೆಗೂ ದನಗಳಿಗೂ ಬಳಸಕೂಡದು.

ಸುಮಾರು 100 ಮಿಲಿಮೀಟರ್ ಮಳೆಯಾಗಿ ನೆಲ ಹದಗೊಂಡ ಮೇಲೆ 3ರಿಂದ 4 ಸೆಂಟಿಮೀಟರ್ ಆಳಕ್ಕೆ ಬಿತ್ತಿರಿ. ಸೋಯಾ ಮೊಳಕೆ ಬೇಳೆಗಳನ್ನೇ ಹೊತ್ತು ಮೇಲೇಳಬೇಕು. ಆಳವಾದರೆ, ಇಲ್ಲವೆ ಎರೆ ನೆಲದ ಮೇಲ್ಪದರ ಬಿರುಸಾದರೆ, ಕತ್ತು ಮುರಿಯುತ್ತದೆ. ಉಪಚಾರವು ಸತ್ತ ಬೀಜವನ್ನು ಬದುಕಿಸದು. ಜೀವವಿರುವ ಬೀಜವನ್ನು ಕಾಯುತ್ತದೆ. ಆದುದರಿಂದ ಪರೀಕ್ಷೆ ಮೊದಲು, ಲೇಪನ ಆಮೇಲೆ.