ತಾಮ್ರ ಉಕ್ಕನ್ನು ತಿಂದ ಕಥೆ

ಓದುಗರೊಬ್ಬರ ಪ್ರಶ್ನೆ: ಪ್ಲಾಸ್ಟಿಕ್ ಬಕೆಟ್, ಟಿಫನ್ ಡಬ್ಬಿಗಳ ತಳದಲ್ಲಿ ಕಂಪನಿಯ ಹೆಸರು ಹೆಚ್ಚಾಗಿ ಉಬ್ಬಿಕೊಂಡೇ ಇರುತ್ತದೆ, ತಗ್ಗಾಗಿ ಯಾಕಿರುವುದಿಲ್ಲ?

ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನಪಿಸಿಕೊಳ್ಳಿ. ಮರದ ಅಚ್ಚಿನಲ್ಲಿರುವುದು ಗಿಳಿಯಲ್ಲ, ಗಿಳಿಯಾಕಾರದ ಹಳ್ಳ. ಉಳಿ ಆಳಕ್ಕಿಳಿದ ಜಾಗವೇ ಗಿಳಿಯ ಹೊಟ್ಟೆ. ಅಚ್ಚಿನಲ್ಲಿ ಎಡಕ್ಕೆ ನೋಡುವ ಗಿಳಿ ತಟ್ಟೆಗೆ ಬಂದಾಗ ಬಲಕ್ಕೆ ನೋಡುತ್ತದೆ. ಗಿಳಿಯ ಮೈಮೇಲೆ ತಗ್ಗಿನ ಗೆರೆ ಬೇಕೆಂದರೆ? ಅಚ್ಚಿನಲ್ಲಿ ಆ ಗೆರೆಯೊಂದನ್ನು ಉಳಿಸಿ, ಸುತ್ತಲಿನ ಮರವನ್ನೆಲ್ಲ ಕೆತ್ತಿ ತೆಗೆಯಬೇಕು. ಅಷ್ಟು ಕಷ್ಟ ಯಾರಿಗೆ ಬೇಕು! ಹೆಸರನ್ನು ಅಚ್ಚಿನೊಳಗೆ ಕೊರೆದುಬಿಟ್ಟರೆ ಡಬ್ಬಿಯ ಮೇಲೆ ತಾನಾಗಿ ಉಬ್ಬುತ್ತದೆ.

ಆದರೆ ಡಬ್ಬಿಯ ಅಚ್ಚು ಮರದ್ದಲ್ಲ, ಹದ ಹಾಕಿ ಗಟ್ಟಿಗೊಳಿಸಿದ ಉಕ್ಕಿನದು. ಅದರಲ್ಲಿ ಕೂದಲೆಳೆಯಂಥ ಗೆರೆ ಕೊರೆಯಲು ಹೊರಟರೆ ಸಣ್ಣ ಕಟರ್ ಪಟ್ಟೆಂದು ಮುರಿಯುತ್ತದೆ. ಮುರಿಯದಿದ್ದರೂ, ತಿರುಗುವ ಕಟರ್ ದುಂಡಗಿರುವುದರಿಂದ ಹಳ್ಳದ ಒಳಮೂಲೆಗಳೂ ದುಂಡಗೇ ಉಳಿಯುತ್ತವೆ. ವಜ್ರವನ್ನು ವಜ್ರದಿಂದಲೇ ಕೊಯ್ಯಬೇಕು ಎನ್ನುತ್ತೇವೆ. ಉಕ್ಕಿನ ಅಚ್ಚಿನ ವಿಷಯದಲ್ಲಿ ಈ ಮಾತು ಸುಳ್ಳಾಯಿತು. ಸುಳ್ಳಾಗಿಸಿದವರು ಗಂಡ ಹೆಂಡತಿ ಇಬ್ಬರು.

ಎರಡನೆಯ ಮಹಾಯುದ್ಧದ ಕಾಲ. ಎಂಜಿನ್‌ಗಳಲ್ಲಿ ಟಂಗ್‌ಸ್ಟನ್ನಿನ ವಿದ್ಯುತ್ ಸಂಪರ್ಕಬಿಂದುಗಳು ಕಿಡಿ ಹಾರಿ ಹಾರಿ ಸವೆಯುತ್ತಿದ್ದವು. ಈ ಸವೆತ ತಪ್ಪಿಸುವ ದಾರಿ ಹುಡುಕುವ ಕೆಲಸ ಸೋವಿಯತ್ ವಿಜ್ಞಾನಿಗಳಾದ ಬೋರಿಸ್ ಮತ್ತು ನತಾಲ್ಯ ಲಜರೆಂಕೊ ಅವರ ಪಾಲಿಗೆ ಬಂತು. ಬಿಂದುಗಳನ್ನು ಎಣ್ಣೆಯಲ್ಲಿ ಮುಳುಗಿಸಿ ನೋಡಿದರು. ಸವೆತ ನಿಲ್ಲಲಿಲ್ಲ; ಆದರೆ ಕಿಡಿ ಹೆಚ್ಚು ಕ್ರಮಬದ್ಧವಾಯಿತು, ಹಿಡಿತಕ್ಕೆ ಸಿಕ್ಕಿತು. ನಿಲ್ಲದ ಸವೆತವನ್ನೇ ಯಾಕೆ ದುಡಿಸಿಕೊಳ್ಳಬಾರದು? 1943ರಲ್ಲಿ ಹುಟ್ಟಿದ ಈ ವಿಚಾರವೇ ಇಂದಿನ ಸ್ಪಾರ್ಕ್ ಯಂತ್ರ, ಅಂದರೆ ಇಡಿಎಂ. ಕಿಡಿ ಲೋಹವನ್ನು ಸವೆಸುತ್ತದೆಂದು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1770ರ ಸುಮಾರಿಗೇ ಗಮನಿಸಿದ್ದ. ಅದು ಉಪಯೋಗಕ್ಕೆ ಬರಲು ಹೆಚ್ಚುಕಡಿಮೆ 170 ವರ್ಷ ಬೇಕಾಯಿತು!

ಯಂತ್ರದೊಳಗೆ ನಡೆಯುವುದು ಇಷ್ಟು. ಮೆತ್ತನೆಯ ತಾಮ್ರದಲ್ಲೋ ಗ್ರಾಫೈಟ್‌ನಲ್ಲೋ ಅಕ್ಷರಗಳನ್ನು ಉಬ್ಬಾಗಿ, ಡಬ್ಬಿಯ ಮೇಲೆ ಹೇಗೆ ಕಾಣಬೇಕೋ ಹಾಗೇ ಮಾಡಿಕೊಳ್ಳುತ್ತಾರೆ. ಇದು ಎಲೆಕ್ಟ್ರೋಡ್. ಎಣ್ಣೆಯಲ್ಲಿ ಮುಳುಗಿದ ಉಕ್ಕಿನ ಹತ್ತಿರಕ್ಕೆ ಅದನ್ನು ಇಳಿಸುತ್ತಾರೆ, ಮುಟ್ಟಿಸುವುದಿಲ್ಲ. ನಡುವಿನ ಸಂದು ಮಿಲಿಮೀಟರಿನ ಕೆಲವೇ ನೂರನೇ ಭಾಗಗಳಷ್ಟು. ಸೆಕೆಂಡಿಗೆ ಸಾವಿರಾರು ಕಿಡಿಗಳು ಹಾರುತ್ತವೆ. ಒಂದೊಂದರ ಶಾಖ 8,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಿಡಿ ಬಿದ್ದಲ್ಲಿ ಉಕ್ಕಿನ ಒಂದು ಚುಕ್ಕೆ ಕರಗಿ ಸಿಡಿಯುತ್ತದೆ, ಎಣ್ಣೆ ಅದನ್ನು ತೊಳೆದೊಯ್ಯುತ್ತದೆ. ಉಕ್ಕು ಎಷ್ಟೇ ಗಟ್ಟಿಯಿರಲಿ, ವಿದ್ಯುತ್ ಹರಿಯುವಂತಿದ್ದರೆ ಸಾಕು. ಕಿಡಿ ಹಾರುವ ಸಂದಿನಷ್ಟು ತಾಮ್ರದ ಅಳತೆಯನ್ನು ಮೊದಲೇ ಕಡಿಮೆ ಮಾಡಿರಬೇಕು. ತಾಮ್ರವೂ ಸವೆಯುವುದರಿಂದ ಒರಟು ಕೆಲಸಕ್ಕೊಂದು, ನಯಗೆಲಸಕ್ಕೊಂದು ಎಲೆಕ್ಟ್ರೋಡ್ ಬೇಕು.

ಲೇಸರ್ ಬಂತು, ಇನ್ನು ಸ್ಪಾರ್ಕ್ ಮೂಲೆಗೆ ಎಂದು ಯಂತ್ರ ಮಾರುವವರು ಹೇಳುತ್ತಾರೆ. ಕಾರಿನ ಡ್ಯಾಶ್‌ಬೋರ್ಡಿನ ತೊಗಲಿನಂಥ ನೆರಿಗೆಗೆ ಲೇಸರ್ ಚೆನ್ನ. ಮೊದಲು ಅಚ್ಚಿನಲ್ಲಿ ಆ ನೆರಿಗೆಯನ್ನು ಆಮ್ಲ ಕೊರೆಯುತ್ತಿತ್ತು. ಆಳವಾದ, ಇಕ್ಕಟ್ಟಾದ ಸೀಳು ಬೇಕಾದಾಗ ಮಾತ್ರ ಕೆಲಸ ಇವತ್ತಿಗೂ ಎಣ್ಣೆತೊಟ್ಟಿಗೇ ಬರುತ್ತದೆ.

ಟಿವಿ ರಿಮೋಟಿನ ಬೆನ್ನನ್ನೊಮ್ಮೆ ಸವರಿ ನೋಡಿ. ಹೊಳಪಿಲ್ಲದೆ ಕೊಂಚ ತರಿತರಿ ಇದ್ದರೆ, ಅದರ ಅಚ್ಚು ಸ್ಪಾರ್ಕ್ ಯಂತ್ರದಿಂದ ಬಂದಿರಬಹುದು. ಹಾಗಿದ್ದರೆ ಬೆರಳಿಗೆ ತಾಗುತ್ತಿರುವುದು ಎಣ್ಣೆಯೊಳಗೆ ಹಾರಿದ ಲಕ್ಷಾಂತರ ಕಿಡಿಗಳು ಉಕ್ಕಿನಲ್ಲಿ ತೋಡಿದ ಹಳ್ಳಗಳು, ಗಿಳಿಯ ಹೊಟ್ಟೆಯ ಹಾಗೆ ಉಬ್ಬಿಕೊಂಡು.