ಮೂರು ಭಾಷೆಯ ಮಕ್ಕಳಿಗೆ ಇಂಗ್ಲಿಷ್ ಅಲಂಕಾರ

ಮಹಾರಾಷ್ಟ್ರ ಬೋರ್ಡಿನ ಹತ್ತನೇ ತರಗತಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಪದ್ಯದ ರಸಗ್ರಹಣ ಅಂತ ಒಂದು ಪ್ರಶ್ನೆ ಬರುತ್ತದೆ. ಅದರಲ್ಲಿ ‘ಫಿಗರ್ ಆಫ್ ಸ್ಪೀಚ್’ ಯಾವುದೆಂದು ಹೇಳಬೇಕು. ಹನ್ನೆರಡನೇ ತರಗತಿಗೆ ಹೋದರೆ ಹೆಸರಿಸಿ ವಿವರಿಸಲೂ ಬೇಕು. ಸಿಗುವ ಅಂಕ ಕಡಿಮೆ, ಅದಕ್ಕಾಗಿ ಮಕ್ಕಳು ಪಡುವ ಪಾಡು ದೊಡ್ಡದು. ಸಿಮಿಲಿ, ಮೆಟಫರ್, ಹೈಪರ್ಬೊಲಿ, ಸಿನೆಕ್ಡಕಿ ಎಂದು ಔಷಧಿ ಅಂಗಡಿಯ ಹೆಸರುಗಳಂತೆ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ.

ಮುಂಬಯಿ ಮಹಾನಗರ ಪಾಲಿಕೆ ಮರಾಠಿಯ ಜೊತೆಗೆ ಉರ್ದು, ಕನ್ನಡ, ಹಿಂದಿ, ಗುಜರಾತಿ, ತಮಿಳು, ತೆಲುಗು ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂದಿದೆ. ಇಂಥ ಶಾಲೆಗಳಿಂದ ಬಂದ ಮಕ್ಕಳಲ್ಲಿ ಒಂದು ಅಳುಕು ಇರುತ್ತದೆ: “ಇದೆಲ್ಲ ಇಂಗ್ಲಿಷ್ ಮೀಡಿಯಂನವರ ಸೊತ್ತು, ನಮ್ಮದಲ್ಲ.” ಈ ಲೇಖನ ಆ ಅಳುಕನ್ನು ಕುರಿತದ್ದು. ಅಲಂಕಾರ ಇಂಗ್ಲಿಷರು ತಂದ ಸಾಮಾನಲ್ಲ. ಉರ್ದು ಅಥವಾ ಕನ್ನಡ ಬಲ್ಲ ಮಗುವಿನ ಚೀಲದಲ್ಲಿ ಅದು ಮೊದಲೇ ಇದೆ.

ಹಳೆಯ ಸೊತ್ತು

ಒಂಬತ್ತನೇ ಶತಮಾನವನ್ನು ನೆನಪಿಸಿಕೊಳ್ಳಿ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ರಚನೆಯಾಯಿತು. ಇಂದು ನಮಗೆ ಸಿಕ್ಕಿರುವ ಕನ್ನಡದ ಅತ್ಯಂತ ಹಳೆಯ ಗ್ರಂಥ ಅದು. ಅದು ಕಥೆಯಲ್ಲ, ಪುರಾಣವೂ ಅಲ್ಲ. ಹೇಗೆ ಬರೆಯಬೇಕು, ಯಾವುದು ದೋಷ, ಅಲಂಕಾರ ಎಂದರೆ ಏನು ಅಂತ ಕಲಿಸುವ ಪುಸ್ತಕ. ಸಂಸ್ಕೃತದ ದಂಡಿಯ ‘ಕಾವ್ಯಾದರ್ಶ’ವನ್ನು ಆಧರಿಸಿ, ಕನ್ನಡಕ್ಕೆ ಹೊಂದುವಂತೆ ಬರೆದದ್ದು.

ಅದೇ ಶತಮಾನದಲ್ಲಿ, ಕ್ರಿ.ಶ. 887ರಲ್ಲಿ, ಅಬ್ಬಾಸೀ ರಾಜಕುಮಾರ ಇಬ್ನುಲ್ ಮುಅತಝ್ಝ್ ಅರಬಿಯಲ್ಲಿ ‘ಕಿತಾಬುಲ್ ಬದೀ’ ಬರೆದ. ಆ ಕಾಲದ ಹೊಸ ಕವಿಗಳು ‘ಬದೀ’ ಎಂಬ ಅಲಂಕಾರ ತಮ್ಮದೇ ಶೋಧ ಎನ್ನುತ್ತಿದ್ದರು. ಇದು ಹೊಸದಲ್ಲ, ಕುರ್‌ಆನಿನಲ್ಲಿ, ಹದೀಸಿನಲ್ಲಿ, ಹಳೆಯ ಅರಬಿ ಕಾವ್ಯದಲ್ಲಿ ಆಗಲೇ ಇದೆ ಎಂದು ಅವನು ಉದಾಹರಣೆ ಕೊಟ್ಟು ತೋರಿಸಿದ. ಮುಂದೆ ಬೆಳೆದ ಈ ಶಾಸ್ತ್ರ ಫಾರಸಿಯ ಮೂಲಕ ಉರ್ದುವಿಗೆ ಬಂದು ‘ಇಲ್ಮೆ ಬಯಾನ್’, ‘ಇಲ್ಮೆ ಬದೀ’ ಎಂಬ ಪಾಠಗಳಾಯಿತು. ಯುರೋಪಿನವರು ಇದೇ ವಿದ್ಯೆಗೆ ಗ್ರೀಕರ ಅರಿಸ್ಟಾಟಲನನ್ನು ನೆನೆಯುತ್ತಾರೆ. ಮೂರು ಊರಿನ ಬಾವಿ, ನೀರು ಒಂದೇ.

ಆದ್ದರಿಂದ ಮೊದಲು ಹೆಸರುಗಳನ್ನು ಜೋಡಿಸಿಕೊಳ್ಳಿ. ಸಿಮಿಲಿ ಅಂದರೆ ಕನ್ನಡದ ಉಪಮೆ, ಉರ್ದುವಿನ ತಶ್ಬೀಹ್. ಮೆಟಫರ್ ಅಂದರೆ ರೂಪಕ, ಇಸ್ತಿಆರಾ. ಹೈಪರ್ಬೊಲಿ ಅಂದರೆ ಅತಿಶಯೋಕ್ತಿ, ಮುಬಾಲಗಾ. ಆಂಟಿಥೆಸಿಸ್‌ಗೆ ಹತ್ತಿರವಾದದ್ದು ಉರ್ದುವಿನ ತಝಾದ್. ಅಲಿಟರೇಶನ್ ನಮ್ಮ ಅನುಪ್ರಾಸದ ಬಂಧು. ಗಡಿಗಳು ಎಲ್ಲ ಕಡೆ ಕರಾರುವಾಕ್ಕಾಗಿ ಹೊಂದುವುದಿಲ್ಲ. ಆದರೆ ಗುರುತು ಹಿಡಿಯಲು ಇಷ್ಟು ಸಾಕು.

ಹೋಲಿಕೆ ಯಾರ ಕಣ್ಣಿನದು?

ಉಪಮೆಯಲ್ಲಿ ‘ಹಾಗೆ’, ‘ಅಂತೆ’ ಎಂಬ ಸೇತುವೆ ಇರುತ್ತದೆ. ಇಂಗ್ಲಿಷಿನಲ್ಲಿ ಅದು ‘ಲೈಕ್’ ಅಥವಾ ‘ಆ್ಯಸ್’. ರೂಪಕದಲ್ಲಿ ಆ ಸೇತುವೆ ತೆಗೆದುಹಾಕುತ್ತೇವೆ. “ದಾದರ್ ಸ್ಟೇಷನ್ ಜೇನುಗೂಡಿನಂತಿದೆ” ಅಂದರೆ ಉಪಮೆ. “ದಾದರ್ ಸ್ಟೇಷನ್ ಒಂದು ಜೇನುಗೂಡು” ಅಂದರೆ ರೂಪಕ. ಇಷ್ಟನ್ನು ಎಲ್ಲ ಗೈಡುಗಳೂ ಹೇಳುತ್ತವೆ. ಈ ಹೋಲಿಕೆಯನ್ನೇ ಯಾಕೆ ಆರಿಸಿದರು ಎಂಬುದು ಹೆಚ್ಚಿನ ಗೈಡುಗಳಲ್ಲಿ ಇರುವುದಿಲ್ಲ.

ನಿಸ್ಸಿಮ್ ಎಝಿಕೆಲ್ ಈ ಊರಿನ ಕವಿ. 1924ರಲ್ಲಿ ಇಲ್ಲೇ ಬೆನೆ ಇಸ್ರೇಲ್ ಯಹೂದಿ ಕುಟುಂಬದಲ್ಲಿ ಹುಟ್ಟಿದವರು, ಮಿಠಿಬಾಯಿ ಕಾಲೇಜಿನಲ್ಲಿ, ಆಮೇಲೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿದವರು. ಅವರ ‘ನೈಟ್ ಆಫ್ ದ ಸ್ಕಾರ್ಪಿಯನ್’ ಪದ್ಯ ಎಷ್ಟೋ ಪಠ್ಯಗಳಲ್ಲಿದೆ. ಚೇಳು ಕುಟುಕಿದ ತಾಯಿಯನ್ನು ನೋಡಲು ಬಂದ ಹಳ್ಳಿಯವರನ್ನು ಅಲ್ಲಿ ನೊಣದ ಹಿಂಡಿಗೆ ಹೋಲಿಸಲಾಗಿದೆ. “ಸಿಮಿಲಿ ಇದೆ” ಎಂದು ಬರೆದರೆ ಉತ್ತರ ಅರ್ಧ. ಅವರು ಬಂದದ್ದು ಸಹಾಯಕ್ಕೆ, ಆದರೆ ಗಾಬರಿಗೊಂಡ ಮಗನಿಗೆ ಅವರು ಮುತ್ತಿಕೊಳ್ಳುವ ನೊಣದಂತೆ ಕಂಡರು. ಹೋಲಿಕೆ ಹಳ್ಳಿಯವರಿಗಿಂತ ಹೆಚ್ಚಾಗಿ ನೋಡುವವನ ಮನಸ್ಸನ್ನು ತೋರಿಸುತ್ತದೆ. ಇಷ್ಟು ಬರೆದರೆ ಉತ್ತರ ಪೂರ್ತಿ.

ಕೈಗಳನ್ನು ಎಣಿಸುವ ಮಾತು

ಮಕ್ಕಳು ಹೆಚ್ಚು ಹೆದರುವುದು ಮೆಟೊನಿಮಿ ಮತ್ತು ಸಿನೆಕ್ಡಕಿಗೆ. ಮುಂಬಯಿಯ ಮಕ್ಕಳಿಗೆ ಇವು ಎಲ್ಲಕ್ಕಿಂತ ಸುಲಭವಾಗಬೇಕು. “ದಲಾಲ್ ಸ್ಟ್ರೀಟ್ ಕುಸಿಯಿತು” ಅಂತ ಟಿ.ವಿ. ಹೇಳಿದರೆ ರಸ್ತೆ ಕುಸಿದಿಲ್ಲ, ಶೇರುಪೇಟೆ ಕುಸಿದಿದೆ. “ಮಂತ್ರಾಲಯ ಒಪ್ಪಲಿಲ್ಲ” ಅಂದರೆ ಕಟ್ಟಡ ತಲೆ ಅಲ್ಲಾಡಿಸಲಿಲ್ಲ, ಸರಕಾರ ಒಪ್ಪಲಿಲ್ಲ. ಒಂದರ ಹೆಸರಿನಿಂದ ಅದಕ್ಕೆ ಅಂಟಿಕೊಂಡ ಇನ್ನೊಂದನ್ನು ಹೇಳುವುದೇ ಮೆಟೊನಿಮಿ. ಒಂದು ಭಾಗದಿಂದ ಇಡಿಯನ್ನು ಹೇಳಿದರೆ ಸಿನೆಕ್ಡಕಿ. ಉರ್ದುವಿನಲ್ಲಿ ಇವೆರಡೂ ಹೆಚ್ಚುಕಡಿಮೆ ಮಜಾಝೆ ಮುರ್ಸಲ್‌ನ ಒಳಗೆ ಬರುತ್ತವೆ.

ಗಿರಣಗಾಂವ್‌ನ ಬಟ್ಟೆ ಗಿರಣಿಗಳ ಕಾಲದಲ್ಲಿ ಇಂಗ್ಲಿಷಿನಲ್ಲಿ ಕಾರ್ಮಿಕರನ್ನು ‘ಮಿಲ್ ಹ್ಯಾಂಡ್ಸ್’ ಎನ್ನುತ್ತಿದ್ದರು. ಇದು ಸಿನೆಕ್ಡಕಿ. ಇಡೀ ಮನುಷ್ಯನಿಗೆ ಬದಲಾಗಿ ಅವನ ಕೈಗಳು. ಈ ಮಾತನ್ನು ಸ್ವಲ್ಪ ಹಿಡಿದು ನೋಡಿ. ಕೈ ದುಡಿಯುತ್ತದೆ. ಅದಕ್ಕೆ ಹೊಟ್ಟೆ ಇಲ್ಲ, ಮನೆ ಇಲ್ಲ, ಮಕ್ಕಳ ಫೀಸಿನ ಚಿಂತೆ ಇಲ್ಲ. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಶುರುವಾದ ಮುಷ್ಕರದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರು ಹೊರಬಂದರು. ಅವರನ್ನು ‘ಕೈಗಳು’ ಎಂದು ಬರೆದರೆ ಒಂದು ಲೆಕ್ಕ, ‘ಕುಟುಂಬಗಳು’ ಎಂದು ಬರೆದರೆ ಬೇರೆಯೇ ಲೆಕ್ಕ. ಪದದ ಆಯ್ಕೆ ಶೃಂಗಾರವಲ್ಲ, ಅದು ಒಂದು ನಿಲುವು. ನಿಮ್ಮನ್ನು, ನಿಮ್ಮ ಮೊಹಲ್ಲಾವನ್ನು ಪತ್ರಿಕೆ ಯಾವ ರೂಪಕದಲ್ಲಿ ಕರೆಯುತ್ತದೆ ಅಂತ ಗಮನಿಸಿ. ಊರಿಗೆ ಬಂದ ಜನರನ್ನು ‘ಪ್ರವಾಹ’ ಎಂದರೆ ಓದುವವನಿಗೆ ಕಾಣುವುದು ಮನುಷ್ಯರಲ್ಲ, ತಡೆಗೋಡೆ ಕಟ್ಟಬೇಕಾದ ನೀರು. ಇದು ಗೊತ್ತಾಗಲಿಕ್ಕಾದರೂ ಅಲಂಕಾರ ಓದಬೇಕು.

ಎಲ್ಲಿ ಸುಮ್ಮನಿರಬೇಕು?

ಅತಿಶಯೋಕ್ತಿ ನಮ್ಮ ಮನೆಮಾತು. “ಸಾವಿರ ಸಲ ಹೇಳಿದೆ” ಎನ್ನದ ಅಮ್ಮಿ ಇದ್ದಾರಾ? ಆದರೆ ಪ್ರಬಂಧದಲ್ಲಿ ಅದು ಎರಡಲಗಿನ ಕತ್ತಿ. 2005ರ ಜುಲೈ 26ರ ಮಳೆಯ ಬಗ್ಗೆ ಬರೆಯುವಾಗ “ಆಕಾಶವೇ ಹರಿದುಬಿತ್ತು” ಎಂದು ಮಕ್ಕಳು ಬರೆಯುತ್ತಾರೆ. ಯಾವ ಮಳೆಗೂ ಈ ವಾಕ್ಯ ಹೊಂದುತ್ತದೆ, ಹಾಗಾಗಿ ಯಾವ ಮಳೆಯೂ ಇದರಲ್ಲಿ ಕಾಣುವುದಿಲ್ಲ. “ಸಾಂತಾಕ್ರೂಝ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು, ಮಿಠಿ ನದಿ ಉಕ್ಕಿ ಕುರ್ಲಾದ ಮನೆಗಳಿಗೆ ನುಗ್ಗಿತು” ಎಂದು ಬರೆದು ನೋಡಿ. ಒಂದೇ ಒಂದು ಅಲಂಕಾರ ಇಲ್ಲ, ಓದುವವನ ಎದೆ ಮಾತ್ರ ಝಲ್ಲೆನ್ನುತ್ತದೆ. ಸತ್ಯವೇ ಅಷ್ಟು ದೊಡ್ಡದಿದ್ದಾಗ ಅದನ್ನು ಉಬ್ಬಿಸಬೇಕಾಗಿಲ್ಲ.

ಹಾಗೆಯೇ ಸವೆದುಹೋದ ಅಲಂಕಾರಗಳು. “ಮುಂಬಯಿ ಎಂದೂ ಮಲಗುವುದಿಲ್ಲ”, “ಲೋಕಲ್ ಟ್ರೇನ್ ನಗರದ ಜೀವನಾಡಿ”. ಒಂದು ಕಾಲಕ್ಕೆ ಇವು ಜೀವಂತವಾಗಿದ್ದವು, ಈಗ ಯಾರ ಕಣ್ಣಿಗೂ ಚಿತ್ರ ತರುವುದಿಲ್ಲ. ಪ್ರತಿ ದುರಂತದ ನಂತರ ಕೇಳುವ “ಮುಂಬಯಿಯ ಸ್ಪಿರಿಟ್” ಇನ್ನೂ ಅಪಾಯದ್ದು. ನಗರವನ್ನು ಧೈರ್ಯವಂತ ಮನುಷ್ಯನನ್ನಾಗಿ ಮಾಡಿ ಹೊಗಳಿಬಿಟ್ಟರೆ, ಚರಂಡಿ ಯಾಕೆ ಕಟ್ಟಿತ್ತು ಅಂತ ಕೇಳುವವರೇ ಇರುವುದಿಲ್ಲ.

ಸಾದತ್ ಹಸನ್ ಮಂಟೋ ಹಲವು ವರ್ಷ ಈ ಊರಲ್ಲಿದ್ದು 1948ರಲ್ಲಿ ಲಾಹೋರಿಗೆ ಹೋದರು. ಅವರ ‘ಸಿಯಾಹ್ ಹಾಶಿಯೆ’ಯಲ್ಲಿ ವಿಭಜನೆಯ ಹಿಂಸೆಯ ಚಿಕ್ಕ ಚಿಕ್ಕ ಚಿತ್ರಗಳಿವೆ, ಕೆಲವು ನಾಲ್ಕೇ ಸಾಲಿನವು. ಲೇಖಕ ಅಳುವುದಿಲ್ಲ, ಬೈಯುವುದಿಲ್ಲ. ಹೇಳಿದ್ದಕ್ಕೂ ನಡೆದದ್ದಕ್ಕೂ ಇರುವ ಅಂತರವೇ ಓದುವವನನ್ನು ಚುಚ್ಚುತ್ತದೆ. ಐರನಿ ಏನೆಂದು ತಿಳಿಯಲು ಉರ್ದು ಓದುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಡ.

ದಾಟದ ಮಾತುಗಳು

ಎಲ್ಲವೂ ಭಾಷೆಯಿಂದ ಭಾಷೆಗೆ ದಾಟುವುದಿಲ್ಲ ಎಂಬುದೂ ನೆನಪಿರಲಿ. ಕನ್ನಡದಲ್ಲಿ “ತಲೆ ತಿನ್ನಬೇಡ”, ಉರ್ದುವಿನಲ್ಲಿ “ದಿಮಾಗ್ ಮತ್ ಖಾವೋ”. ಇದನ್ನೇ “ಡೋಂಟ್ ಈಟ್ ಮೈ ಹೆಡ್” ಅಂದರೆ ನಮ್ಮ ಗೆಳೆಯರಿಗೆ ಅರ್ಥವಾಗುತ್ತದೆ, ಹೊರಗಿನ ಓದುಗ ಗಾಬರಿಯಾಗುತ್ತಾನೆ. “ಬಿಸಿ ಬಿಸಿ ಚಹಾ” ನಮ್ಮಲ್ಲಿ ಸೊಗಸು, “ಹಾಟ್ ಹಾಟ್ ಟೀ” ಪರೀಕ್ಷೆಯಲ್ಲಿ ಕೆಂಪು ಗೆರೆ. ಸುಲಭದ ನಿಯಮ ಹೀಗಿದೆ: ಚಿತ್ರವನ್ನು ಕೊಂಡೊಯ್ಯಬಹುದು, ನುಡಿಗಟ್ಟನ್ನು ಹಾಗೇ ಎತ್ತಿಕೊಂಡು ಹೋಗಲಾಗದು. ನಲ್ಲಿ ಮುನಿಸಿಕೊಂಡಿದೆ ಎಂಬ ಚಿತ್ರ ಇಂಗ್ಲಿಷಿನಲ್ಲೂ ಚೆನ್ನಾಗಿಯೇ ನಿಲ್ಲುತ್ತದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ನಿಲ್ಲುವುದಿಲ್ಲ.

ಅಭ್ಯಾಸಕ್ಕೆ ಒಂದು ಕೆಲಸ

ವಾರ್ಡ್ ಆಫೀಸಿಗೆ ನೀರಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯಿರಿ. “ವಿ ಆರ್ ಡೈಯಿಂಗ್ ಆಫ್ ಥರ್ಸ್ಟ್” ಎಂದು ಶುರು ಮಾಡಬೇಡಿ. ಎಷ್ಟು ದಿನದಿಂದ ನೀರಿಲ್ಲ, ಎಷ್ಟು ಮನೆ, ಯಾವ ಗಂಟೆಗೆ ಬರುತ್ತದೆ ಎಂದು ಮೊದಲು ಬರೆಯಿರಿ. ಕೊನೆಗೆ ಮಾತ್ರ ಒಂದು ಅಲಂಕಾರ ಬಳಸಿ: “ವಿ ಹ್ಯಾವ್ ನೋ ವಾಟರ್. ವಿ ಹ್ಯಾವ್ ನೋ ಟ್ಯಾಂಕರ್. ವಿ ಹ್ಯಾವ್ ನೋ ಆನ್ಸರ್.” ಒಂದೇ ಆರಂಭ ಮೂರು ಸಲ ಬಂದಿದೆ. ಇದಕ್ಕೆ ಅನಾಫೊರಾ ಅನ್ನುತ್ತಾರೆ. ಮೂರನೆಯದರಲ್ಲಿ ವಸ್ತು ಹೋಗಿ ಉತ್ತರ ಬಂದಿದೆ, ಅಲ್ಲೇ ಪೆಟ್ಟು ಬೀಳುವುದು. ಅರ್ಜಿ ಓದುವ ಅಧಿಕಾರಿ ಮೊದಲ ಸಾಲಿನ ಸಂಖ್ಯೆಯನ್ನು ನಂಬಿದರೆ ಕೊನೆಯ ಸಾಲನ್ನು ಮರೆಯುವುದಿಲ್ಲ.

ಪದ್ಯವಿರಲಿ, ಅರ್ಜಿಯಿರಲಿ, ಅಲಂಕಾರ ಕಂಡಲ್ಲಿ ಮೂರು ಪ್ರಶ್ನೆ ಕೇಳಿ. ಯಾವುದನ್ನು ಯಾವುದರಂತೆ ಹೇಳಿದ್ದಾರೆ? ಹಾಗೆ ಹೇಳಿದ್ದರಿಂದ ಏನು ಕಂಡಿತು? ಏನು ಮುಚ್ಚಿಹೋಯಿತು? ಮೊದಲ ಎರಡಕ್ಕೆ ಬೋರ್ಡ್ ಅಂಕ ಕೊಡುತ್ತದೆ. ಮೂರನೆಯದು ಪರೀಕ್ಷೆಯಾಚೆ, ದಿನಾ ಪೇಪರ್ ಓದುವಾಗ, ಭಾಷಣ ಕೇಳುವಾಗ ಬೇಕಾಗುತ್ತದೆ. ಅದನ್ನು ಮೂರೂ ಭಾಷೆಯಲ್ಲಿ ಕೇಳಬಲ್ಲ ಮಗು ಯಾವ ಇಂಗ್ಲಿಷ್ ಮೀಡಿಯಂನವರಿಗೂ ಹಿಂದೆ ಬೀಳಬೇಕಾಗಿಲ್ಲ.